‘ದೊಡ್ಡಜ್ಜನ್ನ ನಾನು ಕ್ಷಮಿಸಿಬಿಟ್ಟೆ’ ಅಂತಾಳೆ ಮಗಳು. ಈಗ ನಾನೇನು ಮಾಡಲಿ?

ಪ್ರಶ್ನೆ: ನನಗೆ 45 ವರ್ಷ, ಬೆಂಗಳೂರಿನಲ್ಲಿ ಕೆಲಸ. ಹುಟ್ಟಿದ್ದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ದೀವರು ಅನ್ನುವ ಮಲೆನಾಡಿನ ಬೇಸಾಯದ ಸಮುದಾಯದ ಮನೆಯಲ್ಲಿ. ಲಿಂಗನಮಕ್ಕಿ ಹಿನ್ನೀರಿಗೆ ಕರೂರು ಕಡೆಯ ಮೂಲ ಮನೆ ಮುಳುಗಿದ ಮೇಲೆ ಅಜ್ಜ ಈ ಹಳ್ಳಿಗೆ ಬಂದು ಗೇಣಿಗೆ ಗದ್ದೆ ಹಿಡಿದರು. ದೊಡ್ಡಪ್ಪ, ಅಪ್ಪ ಇಬ್ಬರೂ ಅದೇ ಗದ್ದೆಯಲ್ಲಿ ದುಡಿದವರು. ಉಳುವವನೇ ಒಡೆಯ ಅಂತ ಕಾನೂನು ಬಂದಾಗ ಡಿಕ್ಲರೇಶನ್ ಅರ್ಜಿ ಹಾಕಿದ್ದು ದೊಡ್ಡಪ್ಪ, ಗದ್ದೆ ಅವರ ಹೆಸರಿಗೇ ಆಯಿತು. 1993ರಲ್ಲಿ ಅಪ್ಪ ಪಾಲು ಕೇಳಿದರೆ ‘ಪಹಣಿ ನೋಡ್ಕೊ, ಯಾರ ಹೆಸರಲ್ಲಿದೆ’ ಅಂದರು. ನಾನು ಜಗಲಿಯಲ್ಲೇ ನಿಂತಿದ್ದೆ, ಆಗ ನನಗೆ 13. ಅದೇ ವಾರ ನಾವು ಭದ್ರಾವತಿಗೆ ಬಂದೆವು. ಅಪ್ಪ ಅಕ್ಕಿ ಗಿರಣಿಯಲ್ಲಿ ದುಡಿದರು, ಅಮ್ಮ ಬಟ್ಟೆ ಹೊಲಿದಳು. ಆ ಮನೆಯ ನೀರೂ ಮುಟ್ಟುವುದಿಲ್ಲ ಅಂತ ಅಮ್ಮ ಆಣೆ ಹಾಕಿದ್ದಳು, ಹಾಗೇ ನಡೆದುಕೊಂಡು 2019ರಲ್ಲಿ ತೀರಿಕೊಂಡಳು. ಅಪ್ಪ ಅದಕ್ಕೂ ಮೊದಲೇ ಹೋದರು. ಇಬ್ಬರು ಅತ್ತೆಯಂದಿರು ಮಾತ್ರ ಎರಡೂ ಮನೆಗೆ ಹೋಗಿಬಂದು ಮಾಡುತ್ತಾರೆ.

ಈ ಸಲ ದಸರಾ ರಜೆಯಲ್ಲಿ ಐದನೇ ಕ್ಲಾಸಿನ ಮಗಳು ಹೆಂಡತಿಯ ಅಕ್ಕನ ಮನೆಗೆ, ಪಕ್ಕದ ಊರಿಗೆ ಹೋಗಿದ್ದಳು. ಗದ್ದೆಯ ಪೈರಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬದ ಹಿಂದಿನ ದಿನ ಯಾರೋ ಅವಳನ್ನು ದೊಡ್ಡಪ್ಪನ ಮನೆಗೆ ಕರೆದುಕೊಂಡು ಹೋಗಿದ್ದಾರೆ. ದೊಡ್ಡಮ್ಮ ಹಬ್ಬದ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರಂತೆ. ‘ಈ ಎಳೆ ನಿನ್ನ ಅಜ್ಜಿ ಕಲಿಸಿದ್ದು ಮಗಾ’ ಅಂದರಂತೆ. ದೊಡ್ಡಪ್ಪ ಅತ್ತರಂತೆ. ಮಗಳು ಅಲ್ಲೇ ಉಂಡು, ಮಲಗಿ, ಬೆಳಗಿನ ಜಾವ ಗದ್ದೆಗೂ ಹೋಗಿ, ಕಡುಬು ತಿಂದು ಬಂದಿದ್ದಾಳೆ. ಹೆಂಡತಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ಬಂದವಳೇ ‘ಅಪ್ಪಾ, ದೊಡ್ಡಜ್ಜ ಏನು ತಪ್ಪು ಮಾಡಿದ್ದಾರೋ ಗೊತ್ತಿಲ್ಲ, ನಾನು ಕ್ಷಮಿಸಿಬಿಟ್ಟೆ. ಇನ್ನು ಹೋಗಬಹುದಲ್ಲ?’ ಅಂದಳು. ನನಗೆ ಮೈ ಉರಿಯಿತು, ಎದ್ದು ಹೊರಗೆ ಹೋದೆ. ಮಗಳಿಗೆ ನಿಜ ಹೇಳಲೇ? ನನ್ನಿಂದಲೇ ಆಗದ ಕ್ಷಮೆಯನ್ನು ಅವಳಿಗೆ ಹೇಗೆ ಕಲಿಸಲಿ? ಬೇಸಿಗೆಗೆ ಮತ್ತೆ ಹೋಗುತ್ತೇನೆ ಅನ್ನುತ್ತಾಳೆ, ಕಳಿಸಲೇ? ಆ ಚಿತ್ತಾರವನ್ನು ಡ್ರಾಯಿಂಗ್ ಶೀಟಿನಲ್ಲಿ ಬರೆದು ಅಮ್ಮನ ಫೋಟೋ ಕೆಳಗೆ ಅಂಟಿಸಲು ಹೊರಟಿದ್ದಳು. ಕಿತ್ತು ಬೀರುವಿನಲ್ಲಿ ಇಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಹೋದ ಜಾಗವೊಂದಿದೆ. ನಾನು ಅಲ್ಲೇ ನಿಂತೆ. ‘ಈ ಎಳೆ ನಿನ್ನ ಅಜ್ಜಿ ಕಲಿಸಿದ್ದು ಮಗಾ.’

ಚಿತ್ತಾರ ಬರೆಯುವುದನ್ನು ನೀವು ಚಿಕ್ಕಂದಿನಲ್ಲಿ ನೋಡಿಯೇ ಇರುತ್ತೀರಿ. ಬುಟ್ಟಿಗೆ ಸಗಣಿ ಬಳಿದು, ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಬೇಕು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ಬಿಳಿ ಬಣ್ಣ ಮಾಡಬೇಕು. ಪುಂಡಿ ನಾರಿನ ತುದಿಯನ್ನು ಜಜ್ಜಿ ಕುಂಚ ಮಾಡಿ, ಉಸಿರು ಬಿಗಿಹಿಡಿದು ಎಳೆ ಎಳೆಯಬೇಕು. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ. ಒಂದು ಹೆಣ್ಣುಮಗಳ ಕೈ ಇನ್ನೊಬ್ಬಳ ಕೈಯಂತೆ ಇರುವುದಿಲ್ಲ. ಊರಿನವರು ಎಳೆ ನೋಡಿಯೇ ‘ಇದು ಇಂಥವಳು ಬರೆದದ್ದು’ ಅನ್ನುತ್ತಾರೆ. ಬುಟ್ಟಿಯ ಮೇಲಿನ ಬಣ್ಣ ಹೆಚ್ಚು ದಿನ ಉಳಿಯುವುದಿಲ್ಲ, ಮುಂದಿನ ವರ್ಷ ಮತ್ತೆ ಬರೆಯಲೇಬೇಕು. ಅಂದರೆ 1993ರಿಂದ ಈಚೆಗೆ ಮೂವತ್ತು ಚಿಲ್ಲರೆ ಸಲ ನಿಮ್ಮ ದೊಡ್ಡಮ್ಮ ಕುಂಚ ಹಿಡಿದು, ಮನೆ ಬಿಟ್ಟು ಹೋದ ವಾರಗಿತ್ತಿ ಕಲಿಸಿದ ಎಳೆಯನ್ನೇ ಮತ್ತೆ ಮತ್ತೆ ಎಳೆದಿದ್ದಾರೆ. ಬೇರೆ ಎಳೆ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಇರುತ್ತದೆ.

ಅದರ ಅರ್ಥ ಇಂಥದ್ದೇ ಅಂತ ನಾನು ಹೇಳಲಾರೆ. ಆ ಮನೆಯಲ್ಲಿ ಗಂಡಸರು ಮಾತು ಬಿಟ್ಟರು, ಹೆಂಗಸರ ಕೈಗಳು ಬಿಡಲಿಲ್ಲ ಅನ್ನುವುದಷ್ಟು ಕಾಣುತ್ತದೆ. ನಿಮ್ಮ ಮಗಳು ಅಲ್ಲಿಂದ ಹೊತ್ತು ತಂದಿರುವುದು ಆ ಸಂಗತಿಯನ್ನು. ‘ಕ್ಷಮೆ’ ಅನ್ನುವ ಪದ ಅವಳಿಗೆ ಶಾಲೆಯಲ್ಲೋ ಟಿವಿಯಲ್ಲೋ ಸಿಕ್ಕಿದ್ದು. ಕೈಗೆ ಸಿಕ್ಕ ಪದವನ್ನು ಹಿಡಿದುಕೊಂಡು ಬಂದಿದ್ದಾಳೆ ಅಷ್ಟೆ.

ಆದ್ದರಿಂದ ಮೊದಲು ಆ ಪದದ ವಿಚಾರವನ್ನೇ ಮುಗಿಸೋಣ. ನಿಮಗೆ ಮೈ ಉರಿದದ್ದು ಸಹಜ. ಅಮ್ಮ ಸಾಯುವ ತನಕ ಹಿಡಿದಿಟ್ಟುಕೊಂಡ ಆಣೆಯನ್ನು ಹತ್ತು ವರ್ಷದ ಹುಡುಗಿ ಒಂದು ವಾಕ್ಯದಲ್ಲಿ ಬಿಡಿಸಿಬಿಟ್ಟಳಲ್ಲ ಅನ್ನಿಸಿರಬೇಕು. ಆದರೆ ಅವಳು ಹೇಳಿದ್ದು ನಿಮಗೆ ಕೇಳಿಸಿದಷ್ಟು ದೊಡ್ಡದಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಬರ್ಟ್ ಎನ್‌ರೈಟ್ ಅನ್ನುವ ಮನೋವಿಜ್ಞಾನಿ 1985ರಿಂದ ಕ್ಷಮೆಯ ವಿಷಯವನ್ನೇ ಅಧ್ಯಯನ ಮಾಡುತ್ತ ಬಂದವರು. ಮಕ್ಕಳು ಕ್ಷಮೆಯನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಅಂತ ಅವರು, ಅವರ ಸಂಗಡಿಗರು 1989ರಲ್ಲಿ ಹಂತಹಂತವಾಗಿ ವಿವರಿಸಿದರು. ತೀರಾ ಮೊದಲ ಹಂತದಲ್ಲಿ ‘ಅವನಿಗೆ ನಾನೂ ಒಂದು ಕೊಟ್ಟಮೇಲೆ ಸರಿ’. ಆಮೇಲೆ ‘ನನ್ನದು ನನಗೆ ವಾಪಸ್ ಕೊಟ್ಟರೆ ಸರಿ’. ಅದರಾಚೆಗೆ ‘ದೊಡ್ಡವರು ಹೇಳಿದ್ದಕ್ಕೆ, ಎಲ್ಲರೂ ಬಯಸುವುದಕ್ಕೆ ಸರಿ’. ಯಾವ ಷರತ್ತೂ ಇಲ್ಲದ ಕ್ಷಮೆ ಬರುವುದು ಬಹಳ ಮುಂದೆ. ಎಷ್ಟೋ ದೊಡ್ಡವರು ಅಲ್ಲಿಗೆ ಮುಟ್ಟುವುದೇ ಇಲ್ಲ. ನಿಮ್ಮ ಮಗಳ ಮುಂದೆ ಒಬ್ಬ ಮುದುಕರು ಅತ್ತರು, ಒಬ್ಬ ಅಜ್ಜಿ ಕಡುಬು ಬಡಿಸಿದರು. ಇವರು ನನಗೆ ಬೇಕು ಅಂತ ಅವಳಿಗೆ ಅನ್ನಿಸಿತು. ಅದಕ್ಕೆ ಅಡ್ಡ ಬಂದಿರುವ, ತನಗೆ ಗೊತ್ತೇ ಇಲ್ಲದ ಯಾವುದೋ ಒಂದನ್ನು ದಾರಿಯಿಂದ ಸರಿಸಿಬಿಡಲು ನೋಡಿದಳು. ‘ಏನು ತಪ್ಪು ಮಾಡಿದ್ದಾರೋ ಗೊತ್ತಿಲ್ಲ’ ಅಂತ ಅವಳೇ ಹೇಳಿದ್ದಾಳಲ್ಲ.

ಅದಕ್ಕೆ ಅವಳನ್ನು ಹೊಗಳಬೇಡಿ, ಬೈಯಲೂ ಬೇಡಿ. ‘ನಮ್ಮ ಮಗುವಿನ ಮನಸ್ಸು ಎಷ್ಟು ದೊಡ್ಡದು’ ಅಂತ ನೆಂಟರ ಮುಂದೆ ಹೇಳಿಕೊಂಡು ತಿರುಗುವ ತಂದೆತಾಯಿಯನ್ನು ನಾನು ಕಂಡಿದ್ದೇನೆ. ಆ ಮಗು ಮುಂದೆ ಯಾವತ್ತಾದರೂ ನಿಜವಾಗಿ ನೊಂದರೆ, ನೊಂದೆ ಅಂತ ಹೇಳುವ ದಾರಿಯೇ ಮುಚ್ಚಿಹೋಗಿರುತ್ತದೆ. ಅವಳಿಗೆ ಹೇಳಬೇಕಾದ್ದು ಸಣ್ಣದು: ‘ದೊಡ್ಡಜ್ಜ ನಿನಗೇನೂ ಮಾಡಿಲ್ಲ ಪುಟ್ಟಾ. ಅವರ ಮೇಲೆ ನಿನಗೆ ಪ್ರೀತಿ ಬಂತು, ಅದು ನಿನ್ನದು, ಇಟ್ಟುಕೋ. ಆದರೆ ಕ್ಷಮಿಸೋದು ಬಿಡೋದು ಅಜ್ಜ, ಅಜ್ಜಿ, ನಾನು ನೋಡಿಕೊಳ್ಳಬೇಕಾದ ಲೆಕ್ಕ. ಅದನ್ನ ನೀನು ತೀರಿಸಬೇಕಾಗಿಲ್ಲ. ಮೊನ್ನೆ ನಾನು ಎದ್ದು ಹೊರಗೆ ಹೋದೆನಲ್ಲ, ಅದು ನಿನ್ನ ಮೇಲಿನ ಸಿಟ್ಟಲ್ಲ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಅವತ್ತಿನಿಂದ ಅವಳು ಅದನ್ನೇ ಯೋಚಿಸುತ್ತಿರುತ್ತಾಳೆ.

ಇನ್ನು ‘ನಿಜ ಹೇಳಲೇ’ ಅನ್ನುವುದು. ಹೇಳಲೇಬೇಕು. ಆದರೆ ನಿಮಗೆ ಗೊತ್ತಿರುವ ನಿಜ ಎಷ್ಟು? ನೀವು ಬರೆದಿರುವ ಕಥೆ ಜಗಲಿಯ ಮೇಲೆ ನಿಂತ ಹದಿಮೂರು ವರ್ಷದ ಹುಡುಗನ ಕಥೆ. ಪಹಣಿ ಅಂದರೇನು, ಡಿಕ್ಲರೇಶನ್ ಅಂದರೇನು ಅಂತ ಆ ಹುಡುಗನಿಗೆ ಗೊತ್ತಿರಲಿಲ್ಲ. ಅಪ್ಪನ ಮುಖ ಇಳಿದದ್ದು ಕಂಡಿತು, ಅಷ್ಟೆ. ಆ ಹುಡುಗ ಕಂಡದ್ದು ಸುಳ್ಳಲ್ಲ. ಆದರೆ 45ರ ಗಂಡಸಾಗಿ ನೀವು ಆ ಕಥೆಗೆ ಒಂದೇ ಒಂದು ಕಾಗದವನ್ನೂ ಸೇರಿಸಿಲ್ಲ.

ನಾನು ವಕೀಲೆಯಲ್ಲ. ಆದರೆ ಮಲೆನಾಡಿನಲ್ಲಿ ಆಪ್ತಸಮಾಲೋಚನೆ ಮಾಡುವವರು ಜಮೀನಿನ ಕಾನೂನು ಅಷ್ಟಿಷ್ಟು ಕಲಿಯದೆ ಗತಿಯಿಲ್ಲ. ಇಲ್ಲಿ ಮುರಿದುಹೋದ ಅಣ್ಣತಮ್ಮಂದಿರಲ್ಲಿ ಅರ್ಧಕ್ಕರ್ಧ ಜನ ಮುರಿದದ್ದು ಒಂದೇ ಜಾಗದಲ್ಲಿ, ಫಾರಂ ನಂಬರ್ 7ರಲ್ಲಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅವತ್ತಿಗೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು ಹಕ್ಕು ಪಡೆಯಬೇಕಿತ್ತು. ಅರ್ಜಿಯ ಗಡುವು ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ಅವಿಭಕ್ತ ಮನೆಯಲ್ಲಿ ಹತ್ತು ಜನ ಉಳುತ್ತಿದ್ದರೂ ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಿದ್ದವರು ಸಾಮಾನ್ಯವಾಗಿ ಒಬ್ಬರು, ಮನೆಯ ಹಿರಿಯರು. ಕಚೇರಿಗೆ ಅಲೆದಾಡಿದವರು, ಒಡೆಯರ ಮುಂದೆ ‘ನಾನು ಉಳುವವ’ ಅಂತ ನಿಂತು ಹೇಳಿದವರೂ ಅವರೇ. ಊರಿನಲ್ಲಿ ಒಡೆಯರ ಎದುರು ಹಾಗೆ ನಿಲ್ಲುವುದು ಆಗ ಸಣ್ಣ ಮಾತಾಗಿರಲಿಲ್ಲ.

ಹೀಗಾಗಿ ಡಿಕ್ಲರೇಶನ್ ದೊಡ್ಡಪ್ಪನ ಹೆಸರಲ್ಲಿ ಹೋಗಿದ್ದರಲ್ಲೇ ಮೋಸ ಇತ್ತು ಅಂತ ಹೇಳಲಾಗದು. ಆಗ ನಿಮ್ಮಪ್ಪನೂ ಒಪ್ಪಿಯೇ ಇದ್ದಿರಬಹುದು. ಮೋಸ ನಡೆದದ್ದಾದರೆ ಆಮೇಲೆ, ಪಾಲು ಕೇಳಿದ ತಮ್ಮನಿಗೆ ‘ಪಹಣಿ ನೋಡ್ಕೊ’ ಅಂದ ದಿನ. ಇವೆರಡೂ ಬೇರೆ ಬೇರೆ ಸಂಗತಿಗಳು. ಮೊದಲನೆಯದು ಆ ಕಾಲದ ರೀತಿ, ಎರಡನೆಯದು ಆ ಮನುಷ್ಯನ ತಪ್ಪು. ನಿಮ್ಮ ಮನೆಯಲ್ಲಿ ಎರಡನ್ನೂ ಕಲಸಿ ‘ಮೊದಲಿಂದಲೂ ಕಳ್ಳ’ ಅಂತ ಮಾಡಿಟ್ಟಿದ್ದೀರಿ ಅನ್ನಿಸುತ್ತದೆ. ಕ್ಷಮಿಸುವುದೇ ಆಗಲಿ, ಕ್ಷಮಿಸುವುದಿಲ್ಲ ಅನ್ನುವುದೇ ಆಗಲಿ, ಯಾವುದನ್ನು ಅಂತ ಗೊತ್ತಿರಬೇಕಲ್ಲ?

ಕುಟುಂಬವೇ ಗೇಣಿದಾರನಾಗಿದ್ದರೆ, ಒಬ್ಬರ ಹೆಸರಿಗೆ ಬಂದ ಹಕ್ಕಿನಲ್ಲಿ ಉಳಿದವರಿಗೂ ಪಾಲಿದೆ ಅಂತ ನಮ್ಮ ನ್ಯಾಯಾಲಯಗಳು ಹಲವು ಸಲ ಹೇಳಿವೆ. ನಿಮ್ಮ ಪ್ರಕರಣದಲ್ಲಿ ಅದು ಈಗಲೂ ನಡೆಯುತ್ತದೋ ಇಲ್ಲವೋ ವಕೀಲರನ್ನು ಕೇಳಿ. ತಾಲ್ಲೂಕು ಕಚೇರಿಯಲ್ಲಿ ಫಾರಂ 7ರ ನಕಲು, ಮಂಡಳಿಯ ಆದೇಶ, ಹಳೆಯ ಕೈಬರಹದ ಪಹಣಿ ತೆಗೆಸಿ. ಕಿತ್ತಾಡಲಿ ಅಂತ ನಾನು ಇದನ್ನು ಹೇಳುತ್ತಿಲ್ಲ. ಅರ್ಜಿಯಲ್ಲಿ ನಿಮ್ಮಪ್ಪನ ಹೆಸರು ಬಂದಿದೆಯೋ, ಮಂಡಳಿಯ ಮುಂದೆ ಯಾರಾದರೂ ‘ಅಣ್ಣತಮ್ಮ ಇಬ್ಬರೂ ಉಳುತ್ತಾರೆ’ ಅಂತ ಹೇಳಿಕೆ ಕೊಟ್ಟಿದ್ದಾರೋ ನೋಡಿ. ಮೂವತ್ತು ವರ್ಷದ ಸಿಟ್ಟಿಗೆ ಒಂದು ಕಾಗದದ ಬೆಲೆಯಾದರೂ ಕೊಡಿ.

ಅಂದಹಾಗೆ, ನಿಮ್ಮ ಪತ್ರದಲ್ಲಿ ಇಬ್ಬರು ಅತ್ತೆಯಂದಿರು ಬರುತ್ತಾರೆ. ಎರಡೂ ಮನೆಗೆ ಹೋಗಿಬರುವವರು ಅಂತ ಒಂದೇ ಮಾತು. ಅವರಿಗೇನು ಪಾಲು ಬಂತು? ಕರ್ನಾಟಕದಲ್ಲಿ 1994ರಲ್ಲೇ (ಆಗಿನ್ನೂ ಮದುವೆಯಾಗದವರಿಗೆ), ಇಡೀ ದೇಶಕ್ಕೆ 2005ರಲ್ಲಿ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನಾಯಿತು. ನಿಮ್ಮಪ್ಪ 1993ರಲ್ಲಿ ಕೇಳಿದ ಪಾಲಿನ ಲೆಕ್ಕದಲ್ಲಿ ಆ ಇಬ್ಬರು ಇದ್ದರೇ? ಚುಚ್ಚಲು ಕೇಳುತ್ತಿಲ್ಲ. ಮಗಳಿಗೆ ಕಥೆ ಹೇಳಲು ಕೂತಾಗ ಅವಳು ಕೇಳಿಯೇ ಕೇಳುತ್ತಾಳೆ. ಹತ್ತು ವರ್ಷದ ಹೆಣ್ಣುಮಕ್ಕಳಿಗೆ ಲೆಕ್ಕ ಬಹಳ ಚೆನ್ನಾಗಿ ಬರುತ್ತದೆ.

ಅವಳಿಗೆ ಹೇಳುವುದು ಹೇಗೆ? ಊಟದ ಹೊತ್ತಿನಲ್ಲಿ ಬೇಡ, ಮಲಗುವ ಹೊತ್ತಿನಲ್ಲೂ ಬೇಡ. ನಡೆಯುತ್ತಲೋ ಅವರೆಕಾಯಿ ಬಿಡಿಸುತ್ತಲೋ, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದ ಹೊತ್ತಿನಲ್ಲಿ ಹೇಳಿ. ‘ದೊಡ್ಡಜ್ಜ, ಅಜ್ಜ ಇಬ್ಬರೂ ಒಂದೇ ಗದ್ದೆಯಲ್ಲಿ ದುಡೀತಿದ್ರು. ಗದ್ದೆ ಕಾಗದ ದೊಡ್ಡಜ್ಜನ ಹೆಸರಲ್ಲಿ ಆಯ್ತು. ಅಜ್ಜ ತನ್ನ ಪಾಲು ಕೇಳಿದಾಗ ದೊಡ್ಡಜ್ಜ ಕೊಡಲಿಲ್ಲ, ಕೆಟ್ಟದಾಗಿ ಮಾತಾಡಿದ್ರು. ಅಜ್ಜಿಗೆ ಬಹಳ ನೋವಾಯ್ತು. ನಾವು ಊರು ಬಿಟ್ವಿ. ನನಗೂ ಇನ್ನೂ ಸಿಟ್ಟಿದೆ. ಆಗ ಏನೇನು ನಡೀತು ಅಂತ ನನಗೆ ಪೂರ್ತಿ ಗೊತ್ತಿಲ್ಲ, ತಿಳ್ಕೊಳ್ತಾ ಇದೀನಿ.’ ಇಷ್ಟು ಸಾಕು. ‘ಕಳ್ಳ’, ‘ಮೋಸಗಾರ’ ಅಂತ ಮನುಷ್ಯನಿಗೆ ಹೆಸರಿಡಬೇಡಿ, ಮಾಡಿದ ಕೆಲಸವನ್ನು ಮಾತ್ರ ಹೇಳಿ. ‘ಹಾಗಾದ್ರೆ ದೊಡ್ಡಜ್ಜ ಕೆಟ್ಟವರಾ?’ ಅಂತ ಕೇಳಿದರೆ ಗಡಿಬಿಡಿಯಲ್ಲಿ ಉತ್ತರ ಕೊಡಬೇಡಿ. ‘ನಿನಗೆ ಹೇಗೆ ಕಂಡ್ರು?’ ಅಂತ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಕಡುಬು ಕೊಟ್ಟವರೂ ಅವರೇ, ಪಾಲು ಕೊಡದವರೂ ಅವರೇ ಅನ್ನುವುದನ್ನು ಒಟ್ಟಿಗೆ ಹಿಡಿದುಕೊಳ್ಳುವ ಶಕ್ತಿ ಹತ್ತು ವರ್ಷದ ಆಸುಪಾಸಿನಲ್ಲಿ ಬರತೊಡಗುತ್ತದೆ. ಆರು ವರ್ಷದವಳಾಗಿದ್ದರೆ ನಾನು ಇಷ್ಟು ಹೇಳಿ ಅನ್ನುತ್ತಿರಲಿಲ್ಲ.

ಮನೆತನದ ಕಥೆ ಅಂದರೆ ಜಗಳದ ಕಥೆಯೊಂದೇ ಆಗಿಬಿಟ್ಟಿದೆ ನಿಮ್ಮಲ್ಲಿ. ನನಗೆ ನಿಜವಾಗಿ ಬೇಸರವಾದದ್ದು ಅದಕ್ಕೆ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್, ರಾಬಿನ್ ಫಿವುಶ್ ಅನ್ನುವ ಇಬ್ಬರು 2001ರ ಸುಮಾರಿಗೆ ಮಕ್ಕಳಿಗೆ ಇಪ್ಪತ್ತು ಪ್ರಶ್ನೆ ಕೇಳಿದರು. ಅಜ್ಜ ಅಜ್ಜಿ ಬೆಳೆದದ್ದು ಎಲ್ಲಿ ಗೊತ್ತಾ, ಅಪ್ಪ ಅಮ್ಮ ಪರಿಚಯವಾದದ್ದು ಹೇಗೆ ಗೊತ್ತಾ, ಮನೆಯಲ್ಲಿ ಆಗಿಹೋದ ದೊಡ್ಡ ಕಷ್ಟ ಯಾವುದು ಗೊತ್ತಾ, ಇಂಥವು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ತಮಗಿರುವ ಭರವಸೆ ಹೆಚ್ಚಿತ್ತು, ಮನೆಯೂ ಗಟ್ಟಿ ಅನ್ನಿಸುತ್ತಿತ್ತು. ಇದನ್ನು ಕೇಳಿ ಕೆಲವರು ಮಕ್ಕಳಿಗೆ ವಂಶವೃಕ್ಷ ಬಾಯಿಪಾಠ ಮಾಡಿಸಲು ಹೊರಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ, ಡ್ಯೂಕ್ ಅವರೇ ಹಾಗೆ ಎಚ್ಚರಿಸಿದ್ದಾರೆ. ಕೂತು ಹೇಳುವುದು, ಹೇಳಿದ್ದನ್ನೇ ಮತ್ತೆ ಹೇಳುವುದು, ಮಧ್ಯೆ ಅತ್ತೆ ಬಾಯಿ ಹಾಕಿ ‘ಹಾಗಲ್ಲ, ಹೀಗೆ’ ಅನ್ನುವುದು, ಇದೆಲ್ಲ ನಡೆದರೇ ಅದಕ್ಕೆ ಬೆಲೆ. ಅವರು ಕಂಡುಕೊಂಡ ಇನ್ನೊಂದು ಮಾತೂ ಇದೆ. ನಾವು ಮೊದಲು ಮೇಲಿದ್ದೆವು, ಈಗ ಬಿದ್ದೆವು ಅನ್ನುವ ಕಥೆಗಿಂತ, ಬಿದ್ದೆವು, ಎದ್ದೆವು, ಮತ್ತೆ ಎಡವಿದೆವು, ಆದರೂ ಒಟ್ಟಿಗಿದ್ದೆವು ಅನ್ನುವ ಕಥೆ ಮಕ್ಕಳಿಗೆ ಹೆಚ್ಚು ಬಲ ಕೊಡುತ್ತದೆ.

ನಿಮ್ಮ ಮನೆಯ ಕಥೆ ಎಂಥದ್ದು ಅಂತ ನೋಡಿ. ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿರಬೇಕು. ಹಾಗಿದ್ದರೆ 1951ರಲ್ಲಿ ಅವರು ಹುಡುಗ. ಆ ವರ್ಷ ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಒಡೆಯರ ವಿರುದ್ಧ ಎದ್ದು ನಿಂತರು. ಕಿಡಿ ಹೊತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ. ರೈತ ಮುಂದಾಳು ಗಣಪತಿಯಪ್ಪನವರು ಮುಂದೆ ನಿಂತರು, ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಸುದ್ದಿ ಕರೂರು ಕಡೆಯ ಒಂದು ಗೇಣಿ ಮನೆಗೆ ಹೇಗೆ ಮುಟ್ಟಿತು, ಅಜ್ಜ ಅದಕ್ಕೆ ಏನಂದರು? ಗೊತ್ತಿರುವವರು ಇಡೀ ಮನೆತನದಲ್ಲಿ ಈಗ ದೊಡ್ಡಪ್ಪ ಒಬ್ಬರೇ ಇದ್ದಾರು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು. ನಾಡಿಗೆಲ್ಲ ಕರೆಂಟು, ಇವರಿಗೆ ಕತ್ತಲೆ. ಎತ್ತು, ಕರು, ಒರಳು, ಬಾಗಿಲು ಹೊತ್ತು ಗುಡ್ಡ ಹತ್ತಿದರು. ಶರಾವತಿ ಸಂತ್ರಸ್ತರ ಹಕ್ಕುಪತ್ರದ ತಗಾದೆ ಅರವತ್ತು ವರ್ಷ ದಾಟಿದರೂ ಪೂರ್ತಿ ಮುಗಿದಿಲ್ಲ ಅನ್ನುವುದು ನಿಮಗೂ ಗೊತ್ತು. ಹೀಗೆ ಒಂದು ಸಲ ನೆಲ ಕಳೆದುಕೊಂಡವನ ಕೈಗೆ 1970ರ ದಶಕದಲ್ಲಿ ಮೊದಲ ಸಲ ತನ್ನ ಹೆಸರಿರುವ ಕಾಗದ ಬಂತು. ಆ ಕಾಗದವನ್ನು ಅವರು ಯಾಕೆ ಅಷ್ಟು ಬಿಗಿಯಾಗಿ ಹಿಡಿದರು ಅಂತ ಒಂದು ಸಲ ಯೋಚಿಸಿ. ಇದು ಅವರ ಪರ ವಾದವಲ್ಲ. ನಿಮ್ಮಪ್ಪನೂ ಅದೇ ನೀರಿನಿಂದ ಮೇಲೆ ಬಂದವರು, ಅವರ ಕೈ ಖಾಲಿಯೇ ಉಳಿಯಿತು. ಆದರೂ ಭಯ ಇದ್ದಲ್ಲಿ ಮನುಷ್ಯ ಕುರುಡಾಗುತ್ತಾನೆ ಅನ್ನುವುದನ್ನು ಮಗಳಿಗೆ ಹೇಳಲು ನಿಮ್ಮ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಾರದು.

ಅವಳಿಗೆ ತೋರಿಸಲಿಕ್ಕೂ ಬಹಳ ಇದೆ. ಮಳೆ ಕಡಿಮೆಯಾದ ವರ್ಷ ಬೇಸಿಗೆಯ ಕೊನೆಗೆ ಹಿನ್ನೀರು ಇಳಿದರೆ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. 1948ರಲ್ಲಿ ಮುಗಿದ ಆ ಅಣೆಕಟ್ಟನ್ನು ಮುಂದೆ ಬಂದ ದೊಡ್ಡ ಅಣೆಕಟ್ಟೇ ನುಂಗಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ಸೇತುವೆಯಾಗಿದೆ, ಎರಡು ಕಿಲೋಮೀಟರಿಗೂ ಉದ್ದ. ಅಲ್ಲಿಯವರೆಗೆ ಲಾಂಚೇ ಗತಿಯಾಗಿತ್ತಲ್ಲ. ಸೇತುವೆಯ ಮೇಲೆ ನಿಂತು ‘ನಮ್ಮ ಮನೆ ಇದ್ದದ್ದು ಯಾವ ಕಡೆ?’ ಅಂತ ಅವಳು ಕೇಳಿದರೆ ಕೈ ತೋರಿಸಲು ನಿಮಗೆ ಬರುತ್ತದೆಯೇ? ದೊಡ್ಡಪ್ಪನಿಗೆ ಬರುತ್ತದೆ.

ಈಗ ನಿಮ್ಮ ಕ್ಷಮೆಯ ವಿಚಾರ. ನೋಡಿ, ನಮ್ಮ ಮನೆಗಳಲ್ಲಿ ‘ಕ್ಷಮಿಸು’ ಅನ್ನುವ ಪದವನ್ನು ನಾವು ಆಡುವುದೇ ಇಲ್ಲ. ‘ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ’ ಅನ್ನುತ್ತೇವೆ. ಚಂದದ ಮಾತು. ಆದರೆ ಹೊಟ್ಟೆಗೆ ಹಾಕಿಕೊಳ್ಳಬೇಕಾದವರು ಯಾವಾಗಲೂ ಮನೆಯ ಸೊಸೆ, ತಮ್ಮ, ಬಡವ. ಹಿಂದೆ ನಿಮ್ಮ ಅಮ್ಮನಿಗೂ ಯಾರೋ ಅದನ್ನೇ ಹೇಳಿರುತ್ತಾರೆ: ‘ಹೋಗಲಿ ಬಿಡು, ಹಿರಿಯರು, ಹೊಟ್ಟೆಗೆ ಹಾಕ್ಕೊ’. ಅವರು ಹಾಕಿಕೊಳ್ಳಲಿಲ್ಲ. ನೀರು ಮುಟ್ಟುವುದಿಲ್ಲ ಅಂದರು. ಅಧಿಕಾರ, ಕಾಗದ, ದುಡ್ಡು ಯಾವುದೂ ಇಲ್ಲದ ಹೆಂಗಸಿಗೆ ‘ನನಗೆ ಅನ್ಯಾಯವಾಗಿದೆ’ ಅಂತ ಸಾರಿ ಹೇಳಲು ಇದ್ದ ಒಂದೇ ದಾರಿ ಅದು. ನನಗೆ ಆ ಆಣೆಯ ಮೇಲೆ ಗೌರವವಿದೆ. ಅದು ಅವರದು, ಅವರ ಜತೆಗೇ ಹೋಯಿತು. ನೀವು ಅದನ್ನು ಮುರಿಯಬೇಕಾಗಿಯೂ ಇಲ್ಲ, ಮುಂದುವರಿಸಬೇಕಾಗಿಯೂ ಇಲ್ಲ. ಮೊಮ್ಮಗಳು ಅಲ್ಲಿ ಕಡುಬು ತಿಂದದ್ದಕ್ಕೆ ಅಮ್ಮನಿಗೆ ಅವಮಾನವಾಯಿತು ಅಂತ ನೀವು ಅಂದುಕೊಂಡಿದ್ದರೆ, ಆ ಮನೆಯ ಬುಟ್ಟಿಯ ಮೇಲೆ ಪ್ರತಿ ವರ್ಷ ಯಾರ ಎಳೆ ಇತ್ತು ಅಂತ ಇನ್ನೊಂದು ಸಲ ನೆನೆಸಿಕೊಳ್ಳಿ.

ಎನ್‌ರೈಟ್ ಅವರು ಒತ್ತಿ ಹೇಳುವ ಮಾತೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ಷಮಿಸುವುದು ಅಂದರೆ ತಪ್ಪೇ ಆಗಿಲ್ಲ ಅನ್ನುವುದಲ್ಲ, ಮರೆಯುವುದಲ್ಲ, ಮತ್ತೆ ಒಂದಾಗಲೇಬೇಕು ಅಂತಲೂ ಅಲ್ಲ. ದಶಕಗಳ ಕಾಲ ರಕ್ತ ಹರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಶಾಲೆಗಳಲ್ಲಿ ಅವರು 2002ರಿಂದ ಮಕ್ಕಳಿಗೆ ಪಾಠ ಮಾಡಿಸಿದಾಗಲೂ ‘ಹೋಗಿ ಕ್ಷಮಿಸಿ’ ಅಂತ ಹೇಳಿಕೊಡಲಿಲ್ಲ. ಕಥೆಗಳ ಮೂಲಕ, ಎದುರಿಗಿರುವವನೂ ಮನುಷ್ಯ ಅಂತ ಕಾಣಿಸುವುದರಿಂದ ಶುರುಮಾಡಿದರು. ನಿಮಗೂ ಅಷ್ಟೇ ಹೇಳುತ್ತೇನೆ. ನೀವು ದೊಡ್ಡಪ್ಪನ ಮನೆಗೆ ಹೋಗಿ, ಉಂಡು, ಮಾತಾಡಿ, ಆಮೇಲೂ ಪಾಲು ಕೇಳಬಹುದು. ಅಥವಾ ಪಾಲು ಬೇಡ ಅಂತ ಬಿಡಬಹುದು, ಆದರೂ ಸಿಟ್ಟು ಉಳಿಯಬಹುದು. ಧರ್ಮಸ್ಥಳಕ್ಕೆ ತಪ್ಪುಕಾಣಿಕೆ ಹಾಕುತ್ತೇವಲ್ಲ, ಬರೀ ‘ತಪ್ಪಾಯ್ತು’ ಅಂದರೆ ಆಗದು, ಕೈಯಿಂದ ಏನಾದರೂ ಬಿಚ್ಚಬೇಕು ಅಂತ ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ದೊಡ್ಡಪ್ಪ ಅತ್ತದ್ದು ನಿಜ ಇರಬಹುದು. ಅಳು ಪಾಲಿಗೆ ಸಮವಲ್ಲ. ಅವರು ನಿಮ್ಮ ಮುಂದೆ ಬಾಯಿಬಿಟ್ಟು ಏನನ್ನು ಹೇಳುತ್ತಾರೆ, ಮಕ್ಕಳನ್ನು ಕೂರಿಸಿಕೊಂಡು ಏನನ್ನು ಸರಿಮಾಡುತ್ತಾರೆ ಅಂತ ನೋಡುವ ಹಕ್ಕು ನಿಮಗಿದೆ.

ಬೇಸಿಗೆಗೆ ಕಳಿಸಬೇಕೇ? ಕಳಿಸಿ. ಆದರೆ ಅದಕ್ಕೂ ಮೊದಲು ನೀವೇ ಒಂದು ಫೋನು ಮಾಡಿ. ನಾನು ಆರೇಳು ವರ್ಷದವಳಿದ್ದಾಗ ನಮ್ಮ ಮನೆಯಲ್ಲೂ ಹೀಗೇ ಮಾತು ಬಿಟ್ಟಿದ್ದರು, ಅಜ್ಜಿಗೂ ಅತ್ತೆಗೂ, ಒಂದು ಕಾಸಿನ ಸರದ ವಿಷಯಕ್ಕೆ. ಎರಡು ಮನೆಗೂ ನಡುವೆ ಒಂದು ಬೇಲಿ. ‘ಹೋಗಿ ಹೇಳು ನಿನ್ನ ಅತ್ತೆಗೆ’ ಅಂತ ಅಜ್ಜಿ ಕಳಿಸುತ್ತಿದ್ದರು, ‘ಹೋಗಿ ಹೇಳು ನಿನ್ನ ಅಜ್ಜಿಗೆ’ ಅಂತ ಅತ್ತೆ. ನಾನು ದಾರಿಯಲ್ಲಿ ಮಾತನ್ನು ಮೆದು ಮಾಡಿ ಹೇಳುತ್ತಿದ್ದೆ. ಒಂದು ಸಲ ಸಿಕ್ಕಿಬಿದ್ದೆ. ಎರಡೂ ಮನೆಯವರು ನನಗೇ ಸುಳ್ಳಿ ಅಂದರು. ಮಗು ಎರಡು ಮನೆಯ ನಡುವೆ ಓಡಾಡಬಹುದು, ಆದರೆ ಅದರ ಕೈಯಲ್ಲಿ ಕಾಗದ ಕೊಟ್ಟು ಕಳಿಸಬಾರದು. ದೊಡ್ಡಪ್ಪನಿಗೆ ಫೋನು ಮಾಡಲು ಬಾಯಿ ಬರದಿದ್ದರೆ ದೊಡ್ಡಮ್ಮನಿಗೆ ಮಾಡಿ. ‘ಮಗಳು ಬಂದಿದ್ದಳಂತೆ, ಚಿತ್ತಾರ ತೋರಿಸಿದಿರಂತೆ’ ಅಂತ ಶುರುಮಾಡಿ, ಅಷ್ಟಕ್ಕೇ ನಿಲ್ಲಿಸಿದರೂ ಸರಿ. ಜಮೀನಿನ ಮಾತನ್ನು ಮೊದಲ ಫೋನಿನಲ್ಲಿ ತೆಗೆಯಬೇಡಿ. ಆ ಕಡೆಯವರಿಗೂ ಒಂದು ಮಾತು ಹೇಳಿಬಿಡಿ: ನಮ್ಮಿಬ್ಬರ ವಿಷಯ ಅವಳ ಮುಂದೆ ಬೇಡ, ಅವಳಿಂದ ಹೇಳಿ ಕಳಿಸುವುದೂ ಬೇಡ. ಮೊದಲ ಸಲ ನೀವೂ ಜತೆಗೆ ಹೋದರೆ ಒಳ್ಳೆಯದು. ಉಳಿಯಲೇಬೇಕು ಅಂತಿಲ್ಲ, ಜಗಲಿಯಲ್ಲಿ ಕೂತು ಒಂದು ಲೋಟ ನೀರು ಕುಡಿದು ಎದ್ದರೂ ಸಾಕು. ನಿಮಗೆ ಅಷ್ಟೂ ಆಗದು ಅನ್ನಿಸಿದರೆ ಈ ವರ್ಷ ಬೇಡ. ಆದರೆ ಅದಕ್ಕೆ ಕಾರಣ ‘ನನಗೆ ಇನ್ನೂ ಆಗ್ತಾ ಇಲ್ಲ’ ಅಂತ ಅವಳಿಗೆ ನೇರವಾಗಿ ಹೇಳಿ, ಪರೀಕ್ಷೆ, ಬಿಸಿಲು ಅಂತ ನೆವ ಹೇಳಬೇಡಿ.

ಹೆಂಡತಿಯ ಮೇಲಿನ ಸಿಟ್ಟನ್ನು ಹೆಂಡತಿಯ ಜತೆಗೇ ಇತ್ಯರ್ಥ ಮಾಡಿಕೊಳ್ಳಿ, ಮಗಳು ಶಾಲೆಗೆ ಹೋದಾಗ. ಹೇಳದೆ ಕಳಿಸಿದ್ದು ತಪ್ಪು. ಹೇಳಿದ್ದರೆ ನೀವು ಬಿಡುತ್ತಿದ್ದಿರಾ ಅಂತ ಅವರು ಕೇಳಿದರೆ ಅದಕ್ಕೂ ಉತ್ತರ ಇಟ್ಟುಕೊಂಡಿರಿ.

ಇನ್ನು ಆ ಡ್ರಾಯಿಂಗ್ ಶೀಟು. ಇವತ್ತೇ ಬೀರುವಿನಿಂದ ತೆಗೆಯಿರಿ. ಕಿತ್ತದ್ದಕ್ಕೆ ‘ತಪ್ಪಾಯ್ತು’ ಅಂತ ಮಗಳಿಗೆ ಹೇಳಿ, ವಿವರಣೆ ಬೇಕಾಗಿಲ್ಲ. ಅಂಟಿಸುವುದು ಅವಳೇ ಅಂಟಿಸಲಿ, ನೀವು ಸ್ಟೂಲು ಹಿಡಿದುಕೊಳ್ಳಿ. ಅಜ್ಜಿಯ ಎಳೆ ಯಾವುದು, ದೊಡ್ಡಜ್ಜಿ ಸೇರಿಸಿದ್ದು ಯಾವುದು, ಅವಳೇ ಮಾಡಿದ್ದು ಯಾವುದು ಅಂತ ಬೆರಳಿಟ್ಟು ತೋರಿಸಲು ಹೇಳಿ. ಸ್ಕೆಚ್ ಪೆನ್ನಿನಲ್ಲಿ ಬರೆದಿರುತ್ತಾಳೆ, ಗೆರೆ ದಪ್ಪ ಬಂದಿರುತ್ತದೆ. ಪುಂಡಿ ನಾರು ಎಲ್ಲಿ ಸಿಗುತ್ತದೆ ಅಂತ ದೊಡ್ಡಮ್ಮನನ್ನು ಕೇಳಿ. ಮೊದಲ ಫೋನಿಗೆ ಅದಕ್ಕಿಂತ ಒಳ್ಳೆಯ ನೆಪ ನಿಮಗೆ ಸಿಗಲಾರದು.